ರುಚಿ ನೋಡುವ ಲೋಟ

“ಮುಂದಿನ ಪೇಷೆಂಟ್ ಬನ್ನಿ” ಎಂದು ಬಾಗಿಲಲ್ಲಿ ನಿಂತ ಅಟೆಂಡರ್ ಕರೆದಾಗ ನನ್ನ ಗಂಡ ಎದ್ದು ನಿಂತರು.

ಕುಡಿತ ಬಿಡಿಸುವ ಡಾಕ್ಟರ ಕೋಣೆಯ ಹೊರಗಿನ ಬೆಂಚು ಅದು. ಅಲ್ಲಿದ್ದವರೆಲ್ಲ ಜೋಡಿ ಜೋಡಿಯಾಗಿ ಬಂದವರು. ಗಂಡಸರು ನೆಲ ನೋಡುತ್ತಿದ್ದರು, ಹೆಂಗಸರು ತಮ್ಮ ತಮ್ಮ ಗಂಡಸರನ್ನು ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಆಗಲೇ ನನ್ನನ್ನು ತನ್ನ ಪಂಗಡಕ್ಕೆ ಸೇರಿಸಿಕೊಂಡು, ನಿಮ್ಮವರು ನೋಡುವುದಕ್ಕೆ ಹಾಗೆ ಕಾಣುವುದೇ ಇಲ್ಲ ಎಂದು ಸಮಾಧಾನ ಹೇಳಿದ್ದಳು. ಕಾಣುವುದಾದರೂ ಹೇಗೆ? ಬ್ರಾಂಡಿ, ವಿಸ್ಕಿ ಹಾಗಿರಲಿ, ನಮ್ಮವರು ಮದುವೆ ಮನೆಯಲ್ಲಿ ಸೋಡಾ ಕೊಟ್ಟರೂ ಮೂಸಿ ನೋಡಿ ಕುಡಿಯುವ ಆಸಾಮಿ. ಪೇಷೆಂಟ್ ನಾನು.

ಇವರು ಎದ್ದದ್ದು ಗಲಿಬಿಲಿಯಿಂದಲ್ಲ. ಬೆಂಚಿನ ಕಣ್ಣುಗಳೆಲ್ಲ ನನ್ನ ಮೇಲೆ ಬೀಳದಿರಲಿ ಎಂದು ಎದ್ದಿದ್ದರು. ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಮುಂದೆ ನಡೆದರು, ನಾನು ನೊಂದ ಹೆಂಡತಿಯ ಹಾಗೆ ಹಿಂದೆ ನಡೆದೆ. ಬಾಗಿಲು ಮುಚ್ಚಿದ ಮೇಲೆ ಡಾಕ್ಟರ ಎದುರಿನ ಕುರ್ಚಿಯನ್ನು ನನಗೆ ಎಳೆದುಕೊಟ್ಟು, ತಾವು ಗೋಡೆಗೆ ಒರಗಿ ನಿಂತರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಇವರು ನನಗೆ ಹೂ ತಂದುಕೊಟ್ಟದ್ದು ನೆನಪಿಲ್ಲ. ಆ ಕುರ್ಚಿ ಮಾತ್ರ ಚೆನ್ನಾಗಿ ನೆನಪಿದೆ.

ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರು. ಕುಡಿಯುವುದಿಲ್ಲ, ಮನೆಯಲ್ಲಿ ವೈನ್ ಮಾಡುತ್ತೇನೆ, ರುಚಿ ನೋಡುತ್ತೇನೆ ಅಷ್ಟೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

“ರುಚಿ ನೋಡೋ ಲೋಟ ಎಷ್ಟು ದೊಡ್ಡದಮ್ಮ?”

ನನಗೆ ನಗು ಬಂತು. ನಗಲು ಹೋಗಿ ಅತ್ತೆ.

ಕೊಡಗಿನ ಹೊರಗಿನವರಿಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮನೆ ವೈನನ್ನು ಯಾರೂ ಹೆಂಡದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲ್ಲಿಕಾಯಿ, ದ್ರಾಕ್ಷಿ, ಶುಂಠಿ, ಕೊನೆಗೆ ವೀಳ್ಯದೆಲೆಯಲ್ಲೂ ವೈನ್ ಮಾಡುವ ಊರು ಇದು. ನೆಂಟರು ಬಂದರೆ ಪುಟ್ಟ ಗ್ಲಾಸಿನಲ್ಲಿ ಕೇಕಿನ ಜೊತೆ ಕೊಡುತ್ತಾರೆ. ಕೆಮ್ಮಿಗೆ ಒಳ್ಳೆಯದು ಎನ್ನುತ್ತಾರೆ, ಬಾಣಂತಿಗೆ ರಕ್ತ ಕೂಡುತ್ತದೆ ಎನ್ನುತ್ತಾರೆ. ಬಾಟಲಿ ಹಿಡಿದ ಗಂಡಸು ಕುಡುಕ, ಭರಣಿ ಮುಂದೆ ನಿಂತ ಹೆಂಗಸು ಗೃಹಿಣಿ. ನಾನೂ ಹಾಗೇ ತಿಳಿದಿದ್ದೆ.

ನಾವು ಮೂಲತಃ ಇಲ್ಲಿಯವರಲ್ಲ. ನಮ್ಮ ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಒಕ್ಕಲು ಮನೆತನ. ನಮ್ಮವರು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಪಿಕ್ಕಿಂಗ್ ಕಾಲದಲ್ಲಿ ಹಣ್ಣಿನ ತೂಕ, ಎಲ್ಲ ಇವರದೇ. ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ನಮ್ಮ ಸಂಸಾರ. ನನಗೆ ವೈನ್ ಕಲಿಸಿದವರು ಪಕ್ಕದ ತೋಟದ ದೇಚಮ್ಮ ಆಂಟಿ. ಕೈಗುಣ ಅನ್ನುತ್ತಾರಲ್ಲ, ಅದು ನನಗಿತ್ತು. ಎರಡು ಮೂರು ವರ್ಷದಲ್ಲಿ ಅವರ ಮನೆಯ ಕಾರ್ಯಕ್ಕೇ ನನ್ನ ಭರಣಿಯಿಂದ ವೈನ್ ಹೋಗುವ ಹಾಗಾಯಿತು. ಒಗ್ಗರಣೆಯಲ್ಲೂ ಓದಿನಲ್ಲೂ ಎಲ್ಲೂ ಸಿಗದ ಹೆಸರು ನನಗೆ ವೈನಿನಲ್ಲಿ ಸಿಕ್ಕಿತು. ಭರಣಿಯನ್ನು ದಿನಾ ಕಲಕಬೇಕು. ಕಲಕಿದ ಮೇಲೆ ರುಚಿ ನೋಡಬೇಕು. ಹುಳಿ ಹೆಚ್ಚಾಯಿತೇ, ಸಕ್ಕರೆ ಸಾಲದೇ ಎಂದು ಇನ್ನೊಮ್ಮೆ ನೋಡಬೇಕು. ನೋಡುವ ಚಮಚ ಯಾವಾಗ ಲೋಟವಾಯಿತು, ಸಂಜೆಯ ಲೋಟ ಯಾವಾಗ ಬೆಳಗಿನ ತಿಂಡಿಗೆ ಮುಂಚೆ ಬಂತು ಎಂದು ನಾನು ಲೆಕ್ಕ ಇಟ್ಟಿಲ್ಲ. ಅದು ಹಾಗೆಯೇ ಬರುವ ಕಾಯಿಲೆ.

ನಮ್ಮ ಅತ್ತೆಯ ಕತೆ ಇನ್ನೂ ಚೆಂದ. ಮಾವ ಕುಡಿದೇ ಹೋದವರು. ಮಗನಾದರೂ ಉಳಿಯಲಿ ಎಂದು ಅತ್ತೆ ಮನೆಯೊಳಗೆ ಒಂದು ಬಾಟಲಿಯನ್ನೂ ಬಿಟ್ಟುಕೊಂಡವರಲ್ಲ. ಸಂಜೆ ಇವರು ತೋಟದಿಂದ ಬಂದು ಬೂಟು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಬಾಯಿ ಊದಿಸಿ ಮೂಸುತ್ತಿದ್ದರು. ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಇದು ನಿಲ್ಲಲಿಲ್ಲ. ಇವರೂ ಬೇಸರಿಸದೆ ಊದುತ್ತಿದ್ದರು. ಅದೇ ಹೊತ್ತಿನಲ್ಲಿ ನಾನು ಸ್ಟೋರ್ ರೂಮಿನಲ್ಲಿ ಭರಣಿಯ ಬಟ್ಟೆ ಬಿಚ್ಚಿ ನಿಂತಿರುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಲವಂಗ ಜಗಿದು ಹೊರಗೆ ಬಂದರೆ, ನಮ್ಮ ಸೊಸೆಯ ಬಾಯಿ ಯಾವಾಗಲೂ ಘಮ್ಮೆನ್ನುತ್ತದೆ ಎಂದು ಅತ್ತೆ ಹೊಗಳುತ್ತಿದ್ದರು.

ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಮನೆಯಲ್ಲಿ ಒಂದು ಮಾತಿದೆ, ಸುಳ್ಳಲ್ಲ. ಕೇಳಿದ್ದನ್ನೆಲ್ಲ ಯಾರಿಗಾದರೂ ಹೇಳಿದರೇನೇ ನನಗೆ ಊಟ ಸೇರುವುದು. ಅಂಥ ನಾನು ಈ ಒಂದನ್ನು ಮಾತ್ರ ವರ್ಷಗಟ್ಟಲೆ ಬಚ್ಚಿಟ್ಟೆ. ಕೊನೆಗೆ ಬಯಲು ಮಾಡಿದ್ದು ನನ್ನ ಕೈ. ಬೆಳಿಗ್ಗೆ ಎದ್ದರೆ ನಡುಕ. ರಂಗೋಲಿ ಎಳೆ ನೆಟ್ಟಗೆ ಬರದೆ ಅಂಗಳದಲ್ಲೇ ಕುಸಿದು ಕೂತ ದಿನ ಇವರು ಜೀಪು ಮಾಡಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ರಕ್ತದ ರಿಪೋರ್ಟು ನೋಡಿ ನಾನು ಮೊದಲು ಹೇಳಿದ ಬೆಂಚಿಗೆ ಕಳಿಸಿದರು.

ಮನೆಗೆ ಬಂದು ಅತ್ತೆಗೆ ಹೇಳಿದ್ದು ಇವರೇ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬೈಗುಳಕ್ಕೆ ಕಾಯುತ್ತಿದ್ದೆ. ಜೀವಮಾನವೆಲ್ಲ ಹೆಂಡವನ್ನು ದ್ವೇಷಿಸಿದ ಹೆಂಗಸು, ನನ್ನನ್ನು ತವರಿಗೆ ಅಟ್ಟಿದರೂ ತಪ್ಪಿಲ್ಲ ಎಂದುಕೊಂಡಿದ್ದೆ. ಅತ್ತೆ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು.

“ಬಾಣಂತನದಲ್ಲಿ ನಾನೇ ಕೈಯಾರ ಕುಡ್ಸಿದ್ನಲ್ಲವ್ವಾ” ಎಂದರು. “ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು.”

ನನ್ನ ತಪ್ಪಿಗೆ ಬೈಸಿಕೊಳ್ಳಲು ತಯಾರಾಗಿದ್ದವಳಿಗೆ ಆ ಮಾತು ತಡೆಯಲಾಗಲಿಲ್ಲ. ಅವರ ಕಾಲು ಹಿಡಿದುಕೊಂಡೆ. ಅವರು ನನ್ನ ತಲೆಯಲ್ಲಿ ಹೇನು ಹುಡುಕುವ ಹಾಗೆ ಸುಮ್ಮನೆ ಬೆರಳಾಡಿಸುತ್ತ ಕೂತರು.

ಇದ್ದಕ್ಕಿದ್ದಂತೆ ಬಿಟ್ಟರೆ ಜೀವಕ್ಕೇ ಅಪಾಯ, ಆಸ್ಪತ್ರೆಯಲ್ಲಿದ್ದೇ ಬಿಡಬೇಕು ಎಂದಿದ್ದರು ಡಾಕ್ಟರು. ಸೇರಿಸಲು ಹೋದರೆ, ಕುಡಿತದವರ ವಾರ್ಡಿನಲ್ಲಿ ಹೆಂಗಸರಿಗೆ ಹಾಸಿಗೆಯೇ ಇರಲಿಲ್ಲ. ಹೆಂಗಸರು ಬರುತ್ತಾರೆ ಎಂದು ಯಾರೂ ಎಣಿಸಿರಲಿಲ್ಲವೇನೋ. ನನ್ನನ್ನು ಹೆಂಗಸರ ಜನರಲ್ ವಾರ್ಡಿನ ಮೂಲೆಗೆ ಹಾಕಿದರು. ಪಕ್ಕದ ಹಾಸಿಗೆಯವರು ಏನು ಕಾಯಿಲೆ ಎಂದು ಕೇಳಿದಾಗ ನಮ್ಮವರು ಲಿವರ್ ಎಂದುಬಿಟ್ಟರು. ಲಿವರ್ ಎಂದರೆ ಕಾಮಾಲೆ ಎಂದೇ ಅರ್ಥ. ಸಂಜೆಯೊಳಗೆ ವಾರ್ಡಿನವರೆಲ್ಲ ತಮಗೆ ಗೊತ್ತಿದ್ದ ನಾಟಿ ಔಷಧಿಯ ವಿಳಾಸ ಕೊಟ್ಟರು. ಒಬ್ಬಾಕೆಯ ತಮ್ಮನಂತೂ ಎಲ್ಲಿಂದಲೋ ನೆಲನೆಲ್ಲಿ ಗಿಡವನ್ನೇ ಬೇರು ಸಮೇತ ಕಿತ್ತು ತಂದ. ಪ್ರೀತಿಯಿಂದ ಕೊಟ್ಟದ್ದು, ಬೇಡ ಎನ್ನಲಾಗಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡೆ.

ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಬೆವರು, ವಾಂತಿ, ಗೋಡೆಯ ಮೇಲೆ ಇಲ್ಲದ ಇರುವೆ ಸಾಲು. ಸತ್ತೇಹೋಗುತ್ತೇನೆ ಎನ್ನುವ ಭಯ ಒಂದು ಕಡೆ, ಬದುಕಿದರೆ ಮುಂದೆ ಹೇಗೆ ಎನ್ನುವ ಭಯ ಇನ್ನೊಂದು ಕಡೆ. ಆದರೆ ಒಂದನ್ನು ಹೇಳಲೇಬೇಕು. ಅಲ್ಲಿ ಸರೋಜಕ್ಕ ಎಂಬ ಆಯಾ ಇದ್ದರು. ಬೆಳಗಿನ ಕಾಫಿ ಹಂಚುವುದು ಅವರ ಕೆಲಸ. ಎಲ್ಲರಿಗೂ ಲೋಟದ ತುಂಬ ಕೊಡುತ್ತಿದ್ದವರು ನನಗೆ ಮಾತ್ರ ಅರ್ಧ ಲೋಟ ಕೊಡುತ್ತಿದ್ದರು. ಮೊದಲ ದಿನ ನನಗೆ ಮನಸ್ಸು ಮುರಿಯಿತು, ಕುಡುಕಿ ಎಂದು ಇವಳಿಗೆ ಗೊತ್ತಾಗಿದೆ, ಕಾಫಿಗೂ ಕಡಿತ ಎಂದುಕೊಂಡೆ. ಅದನ್ನು ಕುಡಿದು ಮುಗಿಸಿದ ಮೇಲೆ ಅವರು ತಿರುಗಿ ಬಂದು ಇನ್ನರ್ಧ ಹಾಕಿದರು. ಮರುದಿನವೂ ಹಾಗೇ. ಆಗ ಹೊಳೆಯಿತು. ನನ್ನ ಕೈ ನಡುಗುತ್ತಿತ್ತು, ತುಂಬಿದ ಲೋಟ ಕೊಟ್ಟರೆ ಎದೆಯ ಮೇಲೆ ಚೆಲ್ಲುತ್ತಿತ್ತು, ವಾರ್ಡೆಲ್ಲ ನೋಡುತ್ತಿತ್ತು. ಸರೋಜಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಯಿಂದ ಹೊರಡುವ ದಿನ ಅವರು ರಜೆಯಲ್ಲಿದ್ದರು.

ಕೈ ನಡುಕ ನಿಂತ ಮೇಲೆ ಗಂಡಸರ ವಾರ್ಡಿನಲ್ಲಿ ನಡೆಯುವ ಗುಂಪು ಮಾತುಕತೆಗೆ ಕಳಿಸಿದರು. ಸುತ್ತ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರೂ ತಮ್ಮ ಕತೆ ಹೇಳುವುದು. ನಾನೊಬ್ಬಳೇ ಹೆಂಗಸು. ಒಳಗೆ ಹೋಗುತ್ತಲೇ ಒಬ್ಬ ಹಿರಿಯರು ಎದ್ದು ಜಾಗ ಬಿಟ್ಟುಕೊಟ್ಟು, ನಿಮ್ಮ ಯಜಮಾನರು ಯಾವ ಬೆಡ್ಡು ಎಂದು ಕೇಳಿದರು. ಗಂಡಸರು ಹೇಳುತ್ತಿದ್ದದ್ದು ಬಾರು, ಗೆಳೆಯರು, ರಸ್ತೆಯಲ್ಲಿ ಬಿದ್ದದ್ದು. ನಾನು ಬಿದ್ದದ್ದು ಸ್ಟೋರ್ ರೂಮಿನಲ್ಲಿ, ಒಬ್ಬಳೇ, ಬಾಗಿಲು ಹಾಕಿಕೊಂಡು, ಎದ್ದು ಒಲೆ ಹಚ್ಚಿದ್ದೂ ಒಬ್ಬಳೇ. ಮಾತಿನಮಲ್ಲಿಯಾದ ನಾನು ಅಲ್ಲಿದ್ದಷ್ಟು ದಿನವೂ ಸುಮ್ಮನೆ ಕೂತು ಬಂದೆ. ಎದುರಿಗೆ ಒಬ್ಬ ಹೆಂಗಸು ಕೂತಿದ್ದರೆ ಹೇಳುತ್ತಿದ್ದೆ. ಆ ಆಸೆಯೇ ಮುಂದೆ ನನ್ನನ್ನು ಮೈಸೂರಿನವರೆಗೆ ಎಳೆದುಕೊಂಡು ಹೋಯಿತು.

ಅದಕ್ಕೆ ಮೊದಲು ಮನೆಯಲ್ಲಿ ಉಳಿಯಬೇಕಿತ್ತಲ್ಲ. ಆಸ್ಪತ್ರೆಯಿಂದ ಬಂದಾಗ ಭರಣಿಗಳು ಸ್ಟೋರ್ ರೂಮಿನಲ್ಲಿರಲಿಲ್ಲ. ಅತ್ತೆ ಅವನ್ನೆಲ್ಲ ತೊಳೆದು ಬಿಸಿಲಿಗಿಟ್ಟು ಉಪ್ಪಿನಕಾಯಿ ಹಾಕಿಬಿಟ್ಟಿದ್ದರು. ಆ ವರ್ಷ ನಮ್ಮ ಮನೆಯಲ್ಲಿದ್ದಷ್ಟು ಉಪ್ಪಿನಕಾಯಿ ಚೆಟ್ಟಳ್ಳಿಯ ಅಂಗಡಿಯಲ್ಲೂ ಇರಲಿಲ್ಲ. ಕಷ್ಟವಾಗುತ್ತಿದ್ದದ್ದು ನೆಂಟರ ಮನೆಗಳಲ್ಲಿ. ಒಂದು ಮದುವೆಯಲ್ಲಿ ದೇಚಮ್ಮ ಆಂಟಿ ತಟ್ಟೆ ಹಿಡಿದು ನನ್ನ ಮುಂದೆಯೇ ಬಂದರು. ದ್ರಾಕ್ಷಿ ವೈನಿನ ವಾಸನೆ ಮೂಗಿಗೆ ಬಡಿದು ನನ್ನ ಗಂಟಲೆಲ್ಲ ಒದ್ದೆಯಾಯಿತು. ಅಷ್ಟರಲ್ಲಿ ಅತ್ತೆ ಪಕ್ಕದಿಂದ, ನಮ್ಮ ಶಾರದಂಗೆ ಈಗ ಬೆಲ್ಲದ ಕಾಫಿಯೇ ರೂಢಿ, ನನಗೂ ಅದನ್ನೇ ಕೊಡಿ ಎಂದರು. ಆಂಟಿ ಸುಮ್ಮನೆ ನನ್ನ ಮುಖ ನೋಡಿದರು, ತಟ್ಟೆಯನ್ನು ಅತ್ತ ಕಳಿಸಿ ತಾವೇ ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಅಂದಿನಿಂದ ಅವರ ಮನೆಗೆ ಹೋದಾಗ ನನ್ನ ಎದುರು ವೈನ್ ಬಂದಿಲ್ಲ. ಇನ್ನೊಂದು ಹೇಳಬೇಕು. ಅತ್ತೆ ಈಗ ಸಂಜೆ ಮಗನ ಜೊತೆ ನನ್ನ ಬಾಯಿಯನ್ನೂ ಮೂಸುತ್ತಾರೆ. ಇಬ್ಬರೂ ಸಾಲಾಗಿ ನಿಂತು ಊದುತ್ತೇವೆ.

ಕುಡಿತ ಬಿಟ್ಟು ಸಾಕಷ್ಟು ಕಾಲವಾದ ಮೇಲೆ, ನಾನೂ ಆಪ್ತಸಮಾಲೋಚಕಿಯಾಗಬಹುದೇ ಎಂದು ನನ್ನ ಡಾಕ್ಟರನ್ನು ಕೇಳಿದೆ. ಮದುವೆಗೆ ಮೊದಲು ಓದಿದ್ದ ಸಮಾಜಕಾರ್ಯದ ಬಿ.ಎಸ್.ಡಬ್ಲ್ಯು. ಪದವಿ ಪೆಟ್ಟಿಗೆಯ ತಳದಲ್ಲಿತ್ತು. ಅವರು ಕೂಡಲೇ ಹೂಂ ಎನ್ನಲಿಲ್ಲ. ಮೊದಲು ನಿಮ್ಮ ಕಾಲ ಮೇಲೆ ನಿಲ್ಲಿ, ಆಮೇಲೆ ಇನ್ನೊಬ್ಬರಿಗೆ ಕೈ ಕೊಡುವಿರಂತೆ ಎಂದು ಮತ್ತೂ ಒಂದು ವರ್ಷ ಕಾಯಿಸಿದರು. ಆಗ ಸಿಟ್ಟು ಬಂದಿತ್ತು. ಈಗ ನನ್ನ ಹತ್ತಿರ ಯಾರಾದರೂ ಅದೇ ಪ್ರಶ್ನೆ ತಂದರೆ ನಾನೂ ಅದನ್ನೇ ಹೇಳುತ್ತೇನೆ.

ವಕೀಲರಿಗೆ ಸನ್ನದು ಇರುವ ಹಾಗೆ ಈ ಕೆಲಸಕ್ಕೆ ಒಂದೇ ಒಂದು ಕಾಗದವಿಲ್ಲ. ನಾನು ಹೋದ ದಾರಿ ಹೀಗಿತ್ತು: ಮೈಸೂರಿನಲ್ಲಿದ್ದು ಕಲಿಯುವ ಕೋರ್ಸು, ಆಮೇಲೆ ಕುಶಾಲನಗರದಾಚೆಯ ಒಂದು ಕೇಂದ್ರದಲ್ಲಿ ಮೇಲ್ವಿಚಾರಕರ ಕಣ್ಣಳತೆಯಲ್ಲಿ ಪೇಷೆಂಟುಗಳ ಜೊತೆ ಕೂರುವುದು, ನಡುವೆ ಲಿಖಿತ ಪರೀಕ್ಷೆ, ಕೊನೆಗೆ ಅವರೆದುರೇ ಒಬ್ಬ ಹೊಸ ಪೇಷೆಂಟಿನೊಡನೆ ಮಾತಾಡಿ ತೋರಿಸುವುದು. ಅದರಲ್ಲಿ ಪಾಸಾದರೇ ಒಂಟಿಯಾಗಿ ಕೂರಲು ಅನುಮತಿ. ತರಗತಿಯಲ್ಲಿ ಇದ್ದವರು ಈಗತಾನೇ ಕಾಲೇಜು ಮುಗಿಸಿದ ಹುಡುಗಿಯರು, ಮತ್ತೆ ಕುಡಿತ ಬಿಟ್ಟ ಕೆಲವು ಗಂಡಸರು. ನಾನು ಎರಡೂ ಕಡೆಯವಳು, ಎರಡೂ ಕಡೆ ಸಲ್ಲದವಳು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಮಗಳು ಫೋನಿನಲ್ಲಿ ಅರ್ಥ ಹೇಳಿಕೊಡುತ್ತಿದ್ದಳು. ರಿಲ್ಯಾಪ್ಸ್ ಎಂಬ ಪದಕ್ಕೆ ಮಾತ್ರ ಅರ್ಥ ಕೇಳಬೇಕಾಗಲಿಲ್ಲ, ಬಿಟ್ಟದ್ದಕ್ಕೆ ಮತ್ತೆ ಬೀಳುವ ಆ ಹೆದರಿಕೆ ದಿನವೂ ನನ್ನ ಜೊತೆಯೇ ಇತ್ತು.

ಲಿಖಿತ ಪರೀಕ್ಷೆ ಹೇಗೋ ದಾಟಿದೆ. ನನಗೆ ಅಡ್ಡ ಬಂದದ್ದು ನನ್ನ ಬಾಯಿ. ನಮ್ಮ ಮೇಲ್ವಿಚಾರಕಿ ನಿರ್ಮಲಾ ಮೇಡಂ ಮೊದಲ ದಿನವೇ ಹೇಳಿದ್ದು ಎರಡು ಮಾತು: ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು, ನಿಮ್ಮ ಕತೆಯನ್ನು ಪೇಷೆಂಟಿನ ತಲೆಗೆ ಕಟ್ಟಬಾರದು. ತಲೆ ಆಡಿಸಿ ಬಂದ ನಾನು, ಎದುರಿಗೆ ಕೂತವರು ‘ಕೈ ನಡುಗ್ತದೆ’ ಎಂದರೆ ಸಾಕು, ನಂದೂ ಹೀಗೇ ನಡುಗುತ್ತಿತ್ತು ಎಂದು ಶುರು ಮಾಡುತ್ತಿದ್ದೆ. ರಂಗೋಲಿ, ಭರಣಿ, ಅತ್ತೆ, ಉಪ್ಪಿನಕಾಯಿ ಎಲ್ಲ ಬಂದು ಮುಗಿಯುವಾಗ ಪಾಪ ಅವರೇ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಕೊನೆಯ ಪರೀಕ್ಷೆಯಲ್ಲೂ ಅದೇ ಆಯಿತು. ನನ್ನೆದುರು ಕೂತಿದ್ದ ಹುಡುಗ ನನ್ನ ಕತೆ ಕೇಳಿ ಕಣ್ಣೊರೆಸಿಕೊಂಡು ಹೋದ, ತನ್ನದನ್ನು ಹೇಳಲೇ ಇಲ್ಲ.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಮೇಡಂ ಆಮೇಲೆ ನನ್ನನ್ನು ಕರೆದು, “ಶಾರದಾ, ಈಗ ಈ ರೂಮಲ್ಲಿ ಪೇಷೆಂಟ್ ಯಾರಾಗಿದ್ರು?” ಎಂದರು.

ಬೈದಿದ್ದರೆ ವಾಸಿಯಿತ್ತು. ಇನ್ನೊಂದು ಅವಕಾಶ ಕೊಡುತ್ತೇನೆ, ಅದೂ ಹೀಗೇ ಆದರೆ ಸಭೆಗಳಲ್ಲಿ ನಿಮ್ಮ ಅನುಭವ ಹೇಳಿಕೊಂಡು ಇರಬಹುದು, ಪೇಷೆಂಟಿನ ಎದುರಿನ ಕುರ್ಚಿ ಮಾತ್ರ ಕೊಡಲಾರೆ ಎಂದರು. ನನಗೆ ಬೇಕಾಗಿದ್ದದ್ದು ಆ ಕುರ್ಚಿಯೇ. ಮನೆಗೆ ಬಂದು ಇವರ ಮುಂದೆ ಅತ್ತುಬಿಟ್ಟೆ. ಇವರು ಎಲ್ಲ ಕೇಳಿ, ಬಾಯಿ ಮುಚ್ಚಿಕೊಂಡು ಇರುವುದು ಕಷ್ಟವೇನಲ್ಲ, ನಾನು ಈ ಮನೆಯಲ್ಲಿ ಮಾಡುತ್ತಿಲ್ಲವೇ ಎಂದರು. ಅಳುತ್ತಲೇ ನಗು ಬಂತು.

ಮುಂದಿನದನ್ನು ಬರೆಯಲು ನನಗೆ ಒಪ್ಪಿಗೆಯಿದೆ. ಅದರಲ್ಲಿ ಬರುವ ಹೆಂಗಸು ಇದನ್ನು ಓದಿಸಿ ಕೇಳಿ, ಬರೆಯಿರಿ, ನನ್ನಂಥ ಇನ್ನೊಬ್ಬಳಿಗೆ ಆಗಲಿ ಎಂದಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಎರಡನೆಯ ಅವಕಾಶದ ದಿನ ಬಂದವರು ಅಮ್ಮತ್ತಿ ಕಡೆಯ ಗಂಡ ಹೆಂಡತಿ. ಆತ ಜೀಪು ಓಡಿಸುವವರು. ಬಂದು ಕೂತವರೇ, ಕುಡಿಯೋದು ನಾನು ಮೇಡಂ, ಬಿಡಬೇಕು ಅಂತ ಬಂದೆ ಎಂದು ಹೇಳಿ ಮುಗಿಸಿದರು. ಹೆಂಡತಿ ಅವರಿಗಿಂತ ಒಂದು ಹೆಜ್ಜೆ ಹಿಂದೆ ಕುರ್ಚಿ ಎಳೆದುಕೊಂಡು, ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ಕೂತಿದ್ದರು. ಮೇಡಂ ಮೂಲೆಯಲ್ಲಿ, ಮಡಿಲಲ್ಲಿ ಡೈರಿ.

ಕಲಿಸಿದ ಹಾಗೆ ಒಂದೊಂದೇ ಕೇಳುತ್ತ ಹೋದೆ. ಆತ ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟರು. ಕುಡಿತದ ರೋಗಿ ಯಾವತ್ತೂ ಹಾಗೆ ಉತ್ತರ ಕೊಡುವುದಿಲ್ಲ, ಕಮ್ಮಿ ಮಾಡಿ ಹೇಳುತ್ತಾನೆ, ಸಿಟ್ಟು ಮಾಡಿಕೊಳ್ಳುತ್ತಾನೆ, ರುಚಿ ನೋಡುತ್ತೇನೆ ಅಷ್ಟೆ ಎನ್ನುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಏನು ನೆನಪಾಗುತ್ತದೆ ಎಂದು ಕೇಳಿದೆ. ಜೀಪಿನ ಡೀಸೆಲ್ ಎಂದರು. ಆಗ ಹೆಂಡತಿ ಮೆಲ್ಲಗೆ ಕೆಮ್ಮಿದರು. ಲವಂಗದ ವಾಸನೆ ಬಂತು.

ಆ ವಾಸನೆ ನನಗೆ ಗೊತ್ತು. ಅದರ ಹಿಂದೆ ಇರುವ ವಾಸನೆಯೂ ಗೊತ್ತು. ಸೆರಗಿನೊಳಗೆ ಕೈ ಯಾಕೆ ಹೋಗುತ್ತದೆ ಎನ್ನುವುದೂ ಗೊತ್ತು. ಈ ಗಂಡಸು ಯಾಕೆ ಇದನ್ನು ತಮ್ಮ ಮೇಲೆ ಎಳೆದುಕೊಂಡಿದ್ದಾರೆ ಎನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತು.

ಇಬ್ಬರ ಜೊತೆಯೂ ಬೇರೆ ಬೇರೆಯಾಗಿ ಮಾತಾಡುವುದು ನಮ್ಮ ಕ್ರಮ ಎಂದು ಹೇಳಿ, ಆತನನ್ನು ಹೊರಗಿನ ಬೆಂಚಿಗೆ ಕಳಿಸಿದೆ. ಆತ ಬಾಗಿಲವರೆಗೆ ಹೋಗಿ ಎರಡು ಸಲ ಹಿಂತಿರುಗಿ ನೋಡಿದರು. ಆಮೇಲೆ ನಾವಿಬ್ಬರೇ, ಮೂಲೆಯಲ್ಲಿ ಮೇಡಂ. ನಾನು ಏನೂ ಕೇಳಲಿಲ್ಲ. ಕೇಳದೆ ಕೂರುವುದು ಅಷ್ಟು ಕಷ್ಟ ಎಂದು ಅಂದೇ ಗೊತ್ತಾದದ್ದು. ನನ್ನ ಇಡೀ ಕತೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಲ್ಲು ಕಚ್ಚಿಕೊಂಡೆ. ಹೊರಗೆ ಯಾರೋ ಜೀಪು ಹಿಂದಕ್ಕೆ ತೆಗೆಯುವ ಸದ್ದು, ಯಾರದೋ ಮೊಬೈಲ್ ಸದ್ದು. ಆಕೆ ನೆಲದ ಮೇಲಿನ ಕಣ್ಣು ಎತ್ತಲಿಲ್ಲ.

“ಹೆಂಗಸ್ರಿಗೂ ಬರ್ತದಾ ಮೇಡಂ ಇದು?” ಎಂದರು ಕೊನೆಗೆ.

“ಬರ್ತದೆ” ಎಂದೆ.

ಅಷ್ಟೇ ಹೇಳಿದೆ. ಜನ್ಮದಲ್ಲಿ ನಾನು ಕೊಟ್ಟ ಅತಿ ಸಣ್ಣ ಉತ್ತರ ಅದು. ಆಕೆ ಅಳಲು ಶುರು ಮಾಡಿದರು, ಸದ್ದಿಲ್ಲದೆ, ಮನೆಯಲ್ಲಿ ಯಾರಿಗೂ ಕೇಳದ ಹಾಗೆ ಅತ್ತು ಅಭ್ಯಾಸವಾದವರ ಅಳು. ನಾನು ಎದ್ದು ಹೂಜಿಯಿಂದ ನೀರು ಬಗ್ಗಿಸಿದೆ. ಅರ್ಧ ಲೋಟಕ್ಕೆ ನಿಲ್ಲಿಸಿದೆ. ಮೇಜಿನ ಮೇಲೆ ಆಕೆಯ ಹತ್ತಿರ ಇಟ್ಟು ನನ್ನ ಜಾಗಕ್ಕೆ ಬಂದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನೊಳಗಿಂದ ಕೈಗಳು ಹೊರಗೆ ಬಂದವು. ಎರಡೂ ಕೈಯಲ್ಲಿ ಲೋಟ ಹಿಡಿದರು. ನೀರು ಒಳಗೆ ಅಲ್ಲಾಡಿತು, ಹೊರಗೆ ಚೆಲ್ಲಲಿಲ್ಲ. ಕುಡಿದು ಕೆಳಗಿಟ್ಟರು. ಇನ್ನರ್ಧ ಹಾಕಿದೆ.

ಆಕೆ ಆ ಲೋಟವನ್ನು ನೋಡಿದರು. ನಡುಗುವ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. ನಾನು ಒಂದು ಮಾತೂ ಆಡಲಿಲ್ಲ, ಆದರೆ ಆಕೆಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಕೈಗಳನ್ನು ಮತ್ತೆ ಸೆರಗಿನೊಳಗೆ ಹಾಕದೆ ಮೇಜಿನ ಮೇಲೆಯೇ ಬಿಟ್ಟು, ಮೊದಲಿನಿಂದ ಹೇಳಲು ಶುರು ಮಾಡಿದರು. ಏನು ಹೇಳಿದರು ಎನ್ನುವುದು ಅವರದು.

ನಡುವೆ ಎಲ್ಲೋ ಮೇಡಂ ಡೈರಿ ಮುಚ್ಚಿ ಎದ್ದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದರು. ನಾನು ತಿರುಗಿ ನೋಡಲಿಲ್ಲ.

ಮಾತು ಮುಗಿದ ಮೇಲೆ ಆಕೆಯ ಒಪ್ಪಿಗೆ ಕೇಳಿ ಗಂಡನನ್ನು ಕರೆಯಲು ಹೋದೆ. ಆತ ಬೆಂಚಿನ ತುದಿಯಲ್ಲಿ ಕೂತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಎದ್ದು ಹತ್ತಿರ ಬಂದು, ಬೆಂಚಿನ ಮೇಲಿದ್ದ ಉಳಿದವರಿಗೆ ಕೇಳದಂತೆ ದನಿ ತಗ್ಗಿಸಿದರು.

“ನಾನೇ ಅಂತ ಬರ್ಕೊಂಡ್ರೆ ಆಗೂದಿಲ್ವಾ ಮೇಡಂ?”

ನನಗೆ ಗೋಡೆಗೆ ಒರಗಿ ನಿಂತಿದ್ದ ನಮ್ಮವರು ಕಣ್ಣ ಮುಂದೆ ಬಂದರು.

“ಆಗಲ್ಲ” ಎಂದೆ. “ಬನ್ನಿ, ಒಳಗೆ ಅವರ ಪಕ್ಕ ಕೂತ್ಕೊಳ್ಳಿ.”

ಆತ ಒಳಗೆ ಹೋದರು. ಹಿಂದೆ ಇದ್ದ ಹೆಂಡತಿಯ ಕುರ್ಚಿಯ ಪಕ್ಕಕ್ಕೆ ತಮ್ಮದನ್ನು ಎಳೆದುಕೊಂಡು ಕೂತರು.

ಅಂದು ಸಂಜೆ ಕರೆದೊಯ್ಯಲು ಇವರು ಸ್ಕೂಟರ್ ತಂದಿದ್ದರು. ಬೆಳಿಗ್ಗೆಯಿಂದ ಎಸ್ಟೇಟಿನಲ್ಲಿ ಇವರಿಗೆ ಕೆಲಸವೇ ಸಾಗಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಹೇಗಾಯಿತು ಎಂದು ಮಾತ್ರ ಕೇಳಲಿಲ್ಲ. ಕುಶಾಲನಗರ ದಾಟಿತು, ಕಾಫಿ ತೋಟಗಳು ಶುರುವಾದವು. ಹಿಂದಿನ ಸಲ ಇಷ್ಟು ದಾರಿಗೆ ನಾನು ಆ ಹುಡುಗನ ಹೆಸರು, ಊರು, ಅವನು ಅತ್ತದ್ದು ಎಲ್ಲ ಹೇಳಿ ಮುಗಿಸಿದ್ದೆ. ಚೆಟ್ಟಳ್ಳಿಯ ತಿರುವಿನಲ್ಲಿ ಇವರಿಗೆ ತಡೆಯಲಾಗಲಿಲ್ಲ.

“ಇವತ್ತು ಯಾರು ಬಂದಿದ್ರೇ? ಏನಂದ್ರು?”

ಹೇಳಬೇಕೆಂದು ಬಾಯಿ ತೆರೆದೆ. ನಿಮ್ಮಂಥವರೇ ಒಬ್ಬರು ಬಂದಿದ್ದರು ಎನ್ನಬೇಕೆನಿಸಿತು. ಅವತ್ತು ನೀವು ಎದ್ದು ನಿಂತದ್ದನ್ನು ನಾನು ಇನ್ನೂ ಮರೆತಿಲ್ಲ ಎನ್ನಬೇಕೆನಿಸಿತು. ಇವರ ಭುಜದ ಮೇಲೆ ಕೈ ಇಟ್ಟೆ.

“ಹೇಳೋ ಹಾಗಿಲ್ಲ ಕಣ್ರಿ.”

ಸ್ಕೂಟರ್ ಸ್ವಲ್ಪ ನಿಧಾನವಾಯಿತು. ಕನ್ನಡಿಯಲ್ಲಿ ಇವರ ಮುಖ ಕಾಣುತ್ತಿತ್ತು.

“ಹಂಗಾದ್ರೆ ಪಾಸಾಗಿದೀಯ ಬಿಡು” ಎಂದರು.